ಕಯೋಟಿಯ ಹಿಂದೆ ಮೂರು ದಿನ

ಕಿಟಕಿ ಇಳಿಸಿದ ಕೂಡಲೇ ಮೂಗಿನ ಹೊಳ್ಳೆಯೊಳಗಿನ ತೇವವೇ ಗಟ್ಟಿಯಾದ ಹಾಗಾಯಿತು. ಕಾರಿನ ಪರದೆ ಮೈನಸ್ 11 ಫ್ಯಾರನ್‌ಹೀಟ್ ತೋರಿಸುತ್ತಿತ್ತು. ನಮ್ಮ ಲೆಕ್ಕದಲ್ಲಿ ಮೈನಸ್ 24. ಹೊತ್ತು ಇನ್ನೂ ಪೂರ್ತಿ ಮೂಡಿರಲಿಲ್ಲ.

"ಮಾಮಾ, ಎಂಜಿನ್ ಬಂದ್ ಮಾಡ್ತೀನ್ರಿ. ಈ ಸಪ್ಪಳದಾಗ ಅದಕ್ಕ ಇಲಿ ಕೇಳ್ಸಂಗಿಲ್ಲ" ಅಂದ ನನ್ನ ಅಕ್ಕನ ಮಗ.

ಎಂಜಿನ್ ನಿಂತಿತು. ರಸ್ತೆಯಿಂದ ನಲವತ್ತು ಗಜ ಆಚೆ, ಮೊಣಕಾಲುದ್ದದ ಹಿಮದಲ್ಲಿ, ತೋಳ ನರಿಗಳ ಕುಲದ ಒಂದು ಕಯೋಟಿ ಬಲಗಾಲು ಎತ್ತಿಕೊಂಡು ನಿಂತಿತ್ತು. ನಮ್ಮ ಕಡೆ ಅದರ ಗಮನವೇ ಇಲ್ಲ. ಎರಡೂ ಕಿವಿಗಳನ್ನು ಮುಂದಕ್ಕೆ ಚಾಚಿ, ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಿತ್ತು. ಕಣ್ಣಿಗೆ ಕಾಣಲು ಅಲ್ಲಿ ಬಿಳಿ ಹಿಮ ಬಿಟ್ಟರೆ ಏನೂ ಇರಲಿಲ್ಲ. ಅದರ ಎಲ್ಲ ಕೆಲಸವೂ ಕಿವಿಯಲ್ಲೇ ನಡೆದಿತ್ತು. ಒಂದು ನಿಮಿಷ, ಎರಡು ನಿಮಿಷ. ನನ್ನ ಬೆರಳುಗಳು ಕೈಗವಸಿನೊಳಗೆ ಮರಗಟ್ಟುತ್ತಿದ್ದರೂ ಅಲುಗಾಡಲು ಮನಸ್ಸು ಬರಲಿಲ್ಲ. ಆಮೇಲೆ ಅದು ಹಿಂಗಾಲಿನ ಮೇಲೆ ಕುಗ್ಗಿ, ಚಿಮ್ಮಿ, ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ, ಮುಂಗಾಲು ಮೂತಿ ಎರಡನ್ನೂ ಒಟ್ಟಿಗೆ ಹಿಮಕ್ಕೆ ಊರಿತು. ಹೆಗಲವರೆಗೆ ಹೂತುಹೋಗಿ ಬಾಲವೊಂದೇ ಮೇಲೆ ಕಾಣುತ್ತಿತ್ತು. ತಲೆ ಎತ್ತಿದಾಗ ಹುಬ್ಬು, ಮೀಸೆಯೆಲ್ಲ ಹಿಮದ ಪುಡಿ, ಹಲ್ಲಿನ ನಡುವೆ ಕಂದು ಬಣ್ಣದ ಸಣ್ಣದೊಂದು ಜೀವ. ಎರಡು ಸಲ ಅಗಿದು ನುಂಗಿತು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕಿವಿ ಮುಂದಕ್ಕೆ.

ಅರ್ಧ ಗಂಟೆಯಲ್ಲಿ ಹನ್ನೊಂದು ನೆಗೆತ ಎಣಿಸಿದೆ. ನಾಲ್ಕು ಸಲ ಬಾಯಿಗೆ ಸಿಕ್ಕಿತು.

ಇದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಲಾಮಾರ್ ಕಣಿವೆ, ಫೆಬ್ರವರಿ ಕೊನೆಯ ವಾರ. ಚಳಿಗಾಲದಲ್ಲಿ ಉದ್ಯಾನದ ಬಹುತೇಕ ರಸ್ತೆಗಳು ಕಾರುಗಳಿಗೆ ಮುಚ್ಚಿರುತ್ತವೆ. ಉತ್ತರದ ಗಾರ್ಡಿನರ್ ಊರಿನಿಂದ ಮ್ಯಾಮತ್, ಲಾಮಾರ್ ದಾಟಿ ಕುಕ್ ಸಿಟಿಗೆ ಹೋಗುವ ದಾರಿಯೊಂದು ಮಾತ್ರ ವರ್ಷವಿಡೀ ತೆರೆದಿರುತ್ತದೆ. ಅಕ್ಕನ ಮಗ ಬೋಜ್‌ಮನ್‌ನಲ್ಲಿ ಓದುತ್ತಿದ್ದಾನೆ. ಬೇಸಿಗೆಯಲ್ಲಿ ಬಾ, ಬಿಸಿನೀರಿನ ಬುಗ್ಗೆ ನೋಡುವೆಯಂತೆ ಎಂದು ಅಕ್ಕ ಹೇಳಿದ್ದಳು. ನಾನೇ ಹಟ ಹಿಡಿದು ಚಳಿಗಾಲ ಆರಿಸಿಕೊಂಡೆ. ಎಲೆ, ಹುಲ್ಲು, ಪೊದೆ ಎಲ್ಲ ಮುಚ್ಚಿಹೋದ ಕಾಲದಲ್ಲಿ ಪ್ರಾಣಿ ಏನು ತಿಂದು ಬದುಕುತ್ತದೆ ಎಂಬುದು ಬಿಳಿ ಕಾಗದದ ಮೇಲೆ ಬರೆದಷ್ಟು ಚೊಕ್ಕವಾಗಿ ಕಾಣುತ್ತದೆ ಎಂದು ಕೇಳಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನಿಗೆ ಅಷ್ಟು ಆಸೆಯಾದರೂ ಇರಬೇಡವೇ?

ನಾನು ರಾಣೆಬೆನ್ನೂರಿನವನು. 1974ರಲ್ಲಿ ಚಿಗರಿಗಳಿಗಾಗಿ ಅಭಯಾರಣ್ಯ ಮಾಡಿದರಲ್ಲ, ನಮ್ಮ ಅಜ್ಜನ ಹೊಲ ಅದಕ್ಕೆ ಹತ್ತಿಕೊಂಡೇ ಇತ್ತು. ಚಿಗರಿ ಮರಿ ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಮಲಗಿರುವುದನ್ನೂ, ದೂರದಲ್ಲಿ ತೋಳ ಗಾಳಿಗೆ ಮೂಗೊಡ್ಡಿ ನಿಂತಿರುವುದನ್ನೂ ಚಿಕ್ಕಂದಿನಲ್ಲಿ ನೋಡಿದವನು. ಕುರುಬರ ಹಟ್ಟಿಯಲ್ಲಿ ತೋಳದ ಮಾತು ಬಂದರೆ ದನಿ ತಗ್ಗುತ್ತಿತ್ತು. ನರಿಯ ಬಗ್ಗೆ ಹಾಗಲ್ಲ. ಒಳ್ಳೆಯದೇನಾದರೂ ನಡೆದರೆ "ಬೆಳಿಗ್ಗೆ ನರಿ ಮುಖ ನೋಡಿದ್ದಿ ಬಿಡು" ಎನ್ನುವವರು ನಾವು. ಕಯೋಟಿ ಇವೆರಡರ ನಡುವೆ ಬರುತ್ತದೆ. ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಇಲ್ಲಿಯ ಕಯೋಟಿ ಹನ್ನೆರಡು ಹದಿನೈದು ಕಿಲೋ ತೂಗುತ್ತದೆ, ಇಲ್ಲಿಯ ತೋಳ ಅದರ ಮೂರು ನಾಲ್ಕು ಪಟ್ಟು. ಹೆಸರು ಮೆಕ್ಸಿಕೋದ ನಾವಾಟ್ಲ್ ಭಾಷೆಯ 'ಕೊಯೋಟ್ಲ್' ಎಂಬ ಮಾತಿನಿಂದ ಬಂತು. 1823ರಲ್ಲಿ ಥಾಮಸ್ ಸೇ ಕೊಟ್ಟ ವೈಜ್ಞಾನಿಕ ಹೆಸರು ಕ್ಯಾನಿಸ್ ಲೇಟ್ರಾನ್ಸ್, ಎಂದರೆ ಬೊಗಳುವ ನಾಯಿ.

ಹಿಂದಿನ ದಿನ ಗಾರ್ಡಿನರ್ ತಲುಪಿದಾಗಲೇ ಈ ಕಥೆಯ ಇನ್ನೊಂದು ಪಾತ್ರ ಎದುರಾಗಿತ್ತು. ನಾವು ಉಳಿದುಕೊಂಡ ಮನೆಯ ಅಂಗಳದಲ್ಲೇ ಮ್ಯೂಲ್ ಡಿಯರ್ ಎಂಬ ಜಾತಿಯ ಐದು ಜಿಂಕೆಗಳು ಮಲಗಿದ್ದವು. ಹೇಸರಗತ್ತೆಯ ಕಿವಿಯಂಥ ದೊಡ್ಡ ಕಿವಿ, ಕರಿ ತುದಿಯ ಸಣ್ಣ ಬಾಲ, ಬೂದು ಮೈ. ಎತ್ತರದ ಕಾಡಿನಲ್ಲಿ ಹಿಮ ಆಳವಾದಾಗ ಅವು ಈ ತಗ್ಗಿಗೆ ಇಳಿದು ಬರುತ್ತವೆ. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ನಾಲ್ಕು ತಿಂಗಳು ದೂಡಿದ ಜೀವಗಳು. ಅವುಗಳ ಪಕ್ಕದಲ್ಲಿ ಹೋದ ವರ್ಷದ ಜೂನ್‌ನಲ್ಲಿ ಹುಟ್ಟಿದ ಮರಿಗಳು, ಈಗ ಎಂಟು ತಿಂಗಳಿನವು. ಚಳಿಗಾಲದ ಕೊನೆಯಲ್ಲಿ ಎಲ್ಲರಿಗಿಂತ ಸೊರಗಿರುವವು ಅವೇ.

ಆ ರಾತ್ರಿ ಊರ ಹಿಂದಿನ ಗುಡ್ಡದಿಂದ ಕೂಗು ಕೇಳಿತು. ಮೊದಲು ಎರಡು ಬೊಗಳು, ಆಮೇಲೆ ಎಳೆ ಎಳೆಯಾಗಿ ಊಳು, ಅದಕ್ಕೆ ಇನ್ನೊಂದು ದನಿ ಸೇರಿ ಹತ್ತು ಪ್ರಾಣಿಗಳು ಇದ್ದಂತೆ ಗದ್ದಲ. "ಎರಡೇ ಇರ್ತಾವ್ರಿ ಮಾಮಾ, ಗಂಡಾ ಹೆಂಡ್ತಿ" ಎಂದ ಹುಡುಗ. ಫೆಬ್ರವರಿ ಅವು ಕೂಡುವ ಕಾಲ. ಅರವತ್ತು ದಿನದ ಆಸುಪಾಸಿನಲ್ಲಿ, ಏಪ್ರಿಲ್ ಹೊತ್ತಿಗೆ ಮರಿ. ಮರಿಗಳು ಗವಿಯಿಂದ ಹೊರಬಂದು ಮಾಂಸ ಕೇಳುವಷ್ಟರಲ್ಲಿ ಜಿಂಕೆ, ನಮ್ಮ ಕಡವೆಯಂಥ ಎಲ್ಕ್, ಚಿಗರಿಯಂಥ ಪ್ರಾಂಗ್‌ಹಾರ್ನ್‌ಗಳು ಈಯುವ ಕಾಲ ಬಂದಿರುತ್ತದೆ. ಹುಟ್ಟಿದ ಮೊದಲ ಕೆಲವು ವಾರ ಜಿಂಕೆಮರಿ ಓಡುವುದಿಲ್ಲ. ಮೈಗೆ ವಾಸನೆಯೂ ಕಡಿಮೆ, ಬೆನ್ನ ಮೇಲೆ ಬಿಳಿ ಚುಕ್ಕಿ, ಹುಲ್ಲಿನಲ್ಲಿ ಅಡಗಿ ಮಲಗುತ್ತದೆ. ಕಯೋಟಿ ಆಗ ಮರಿಯನ್ನು ಹುಡುಕುವ ಬದಲು ತಾಯಿಯನ್ನು ಗಮನಿಸುತ್ತದೆ. ತಾಯಿ ಎತ್ತ ಪದೇ ಪದೇ ನೋಡುತ್ತದೋ ಅತ್ತ ಹುಲ್ಲನ್ನು ಸೋಸುತ್ತದೆ. ಜಿಂಕೆಗಳ ಲೆಕ್ಕದಲ್ಲಿ ಕಯೋಟಿ ದೊಡ್ಡ ಪೆಟ್ಟು ಕೊಡುವುದು ಈ ಕೆಲವೇ ವಾರಗಳಲ್ಲಿ.

ಮರುದಿನ ಬೆಳಿಗ್ಗೆಯೇ ನಾನು ಮೇಲೆ ಹೇಳಿದ ಇಲಿ ಬೇಟೆ ನೋಡಿದ್ದು. ಇಲಿ ಎಂದೆನಾದರೂ ಅದು ವೋಲ್, ಮೋಟುಬಾಲದ, ಉರುಟು ಮೂತಿಯ ಹುಲ್ಲಿಲಿ. ಮೂವತ್ತು ನಲವತ್ತು ಗ್ರಾಂ ಇದ್ದರೆ ಹೆಚ್ಚು. ಅದು ಚಳಿಗೆ ನಿದ್ದೆ ಹೋಗುವುದಿಲ್ಲ. ಭೂಮಿಯ ಕಾವಿಗೆ ಹಿಮದ ತಳಭಾಗ ಕರಗಿ ನೆಲಕ್ಕೂ ಹಿಮಕ್ಕೂ ನಡುವೆ ಸಣ್ಣ ಸಂದು ಬೀಳುತ್ತದೆ. ಮೇಲೆ ಮೈನಸ್ ಇಪ್ಪತ್ತು ಮೂವತ್ತು ಇದ್ದರೂ ಆ ಸಂದಿನಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಅಲ್ಲೇ ಅವುಗಳ ಓಣಿ, ಮನೆ, ಉಗ್ರಾಣ. ಅಲ್ಲಿ ಒಂದು ಹುಲ್ಲು ಕಡಿದ ಸದ್ದನ್ನು ಕಯೋಟಿ ಮೇಲೆ ನಿಂತು ಕೇಳಿಸಿಕೊಳ್ಳುತ್ತದೆ! ಈ ಸಾಲನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ಅರವತ್ತು ದಾಟಿದ ಮೇಲೆ.

ಸೋಡಾ ಬಟ್ ತೊರೆಯ ಹತ್ತಿರ ಕಾರು ನಿಲ್ಲಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ತಿಂದ ಮೇಲೆ ಹುಡುಗ ಕೆಳಗೆ ಬಿದ್ದ ರೊಟ್ಟಿಯ ಚೂರನ್ನೂ ಆರಿಸಿ ಚೀಲಕ್ಕೆ ಹಾಕಿದ. ರಸ್ತೆ ಬದಿಯಲ್ಲಿ ತಿನಿಸಿನ ರುಚಿ ಹತ್ತಿದ ಕಯೋಟಿ ಕಾರುಗಳ ಬಳಿ ಸುಳಿಯತೊಡಗುತ್ತದೆ. ಆಮೇಲೆ ಚಕ್ರದಡಿ ಸಾಯುತ್ತದೆ, ಇಲ್ಲವೇ ಜನರ ಮೇಲೆ ಬಿದ್ದೀತೆಂದು ಅಧಿಕಾರಿಗಳೇ ಕೊಲ್ಲಬೇಕಾಗುತ್ತದೆ. ಅಲ್ಲೇ ಹಿಮದ ದಿಬ್ಬದ ಮೇಲೆ ಕಯೋಟಿಯ ಹಿಕ್ಕೆ ಬಿದ್ದಿತ್ತು. ಹಗ್ಗದಂತೆ ಹೊಸೆದುಕೊಂಡ, ಎರಡೂ ತುದಿ ಚೂಪಾದ ಬೂದು ಬತ್ತಿ. ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ತುಂಬಾ ಕೂದಲು, ಅದರೊಳಗೆ ಎಳ್ಳಿನಷ್ಟು ಸಣ್ಣ ಹಳದಿ ಹಲ್ಲುಗಳು, ಸೂಜಿಯಂಥ ಮೂಳೆ. ಎಲ್ಲ ಇಲಿಯದೇ. ಒಂದೆರಡು ದಪ್ಪ ಪೊಳ್ಳು ಕೂದಲು ಮಾತ್ರ ಎಲ್ಕ್‌ದೋ ಜಿಂಕೆಯದೋ.

ಈ ಹಿಕ್ಕೆಗೆ ಇಲ್ಲಿ ದೊಡ್ಡ ಚರಿತ್ರೆಯೇ ಇದೆ. 1872ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ, ಜಿಂಕೆ ಎಲ್ಕ್‌ಗಳನ್ನು ಉಳಿಸುತ್ತೇವೆಂದು ಬೇಟೆಯಾಡುವ ಪ್ರಾಣಿಗಳನ್ನು ಉದ್ಯಾನದವರೇ ಕೊಲ್ಲುತ್ತಿದ್ದರು. 1926ರ ಹೊತ್ತಿಗೆ ತೋಳ ನಿರ್ನಾಮ. 1907ರಿಂದ 1935ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದರು. ಆಮೇಲೆ ಜೀವವಿಜ್ಞಾನಿ ಅಡಾಲ್ಫ್ ಮ್ಯೂರಿ ಇಲ್ಲಿಗೆ ಬಂದು ಐದು ಸಾವಿರಕ್ಕೂ ಹೆಚ್ಚು ಹಿಕ್ಕೆಗಳನ್ನು ಕೂಡಿಸಿ, ಒಂದೊಂದನ್ನೂ ಬಿಡಿಸಿ ನೋಡಿದರು. 1940ರಲ್ಲಿ ಬಂದ ಅವರ ವರದಿ ಹೇಳಿದ್ದು ಇಷ್ಟು: ಕಯೋಟಿಯ ಹೊಟ್ಟೆಗೆ ಹೋಗುವುದರಲ್ಲಿ ಅರ್ಧಕ್ಕೂ ಮಿಕ್ಕಿದ್ದು ಹುಲ್ಲಿಲಿ ಮತ್ತು ಬಿಲ ತೋಡುವ ಗೋಫರ್. ದೊಡ್ಡ ಪ್ರಾಣಿಗಳ ಮಾಂಸದಲ್ಲಿ ಬಹುಪಾಲು ಚಳಿಗಾಲದಲ್ಲಿ ತಾವಾಗಿ ಸತ್ತವುಗಳದ್ದು. ಮಿಡತೆ, ಮೊಲ, ಹಕ್ಕಿ, ಕಾಡುಹಣ್ಣು ಎಲ್ಲವೂ ಪಟ್ಟಿಯಲ್ಲಿದ್ದವು. ಎಲ್ಕ್ ಹಿಂಡನ್ನು ಕಯೋಟಿ ಮುಗಿಸುತ್ತಿದೆ ಎಂಬ ಆಪಾದನೆಗೆ ಆಧಾರ ಸಿಗಲಿಲ್ಲ. ಸಾವಿರಾರು ಜೀವ ಹೋದ ಮೇಲೆ ಯಾರೋ ಒಬ್ಬರು ಕೂತು ಹಿಕ್ಕೆ ಬಿಡಿಸಿ ನೋಡಿದರಲ್ಲ, ಅದಕ್ಕೆ ನಾನು ಕೈಮುಗಿಯುತ್ತೇನೆ. ಮೊದಲೇ ನೋಡಬಹುದಿತ್ತು ಎಂಬ ಸಂಕಟವೂ ಇದೆ. ಇಂದಿಗೂ ಉದ್ಯಾನದ ಗಡಿ ದಾಟಿದರೆ ಮೊಂಟಾನಾ ರಾಜ್ಯದಲ್ಲಿ ಕಯೋಟಿಯನ್ನು ವರ್ಷದ ಯಾವ ದಿನ ಬೇಕಾದರೂ ಹೊಡೆಯಬಹುದು. ಗಾರ್ಡಿನರ್‌ನ ಕಲ್ಲಿನ ಕಮಾನು ಕಳೆದು ನಾಲ್ಕು ಹೆಜ್ಜೆ ಇಟ್ಟರೆ ಅದರ ಕಾನೂನೇ ಬೇರೆ.

ಮಧ್ಯಾಹ್ನ ಡ್ರೂಯಿಡ್ ಶಿಖರದ ಕೆಳಗೆ ಹತ್ತಿಪ್ಪತ್ತು ಜನ ದುರ್ಬೀನು ನೆಟ್ಟು ನಿಂತಿದ್ದರು. ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿಯಂತೆ, ತಮ್ಮ ದುರ್ಬೀನನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟರು. ಅರ್ಧ ಮೈಲಿ ಆಚೆ ಹರಿದ ಎಲ್ಕ್ ದೇಹ. ಅದರ ಮೇಲೆ ಕಾಡುಕಾಗೆ, ಮ್ಯಾಗ್‌ಪೈ ಹಕ್ಕಿಗಳ ಸಂತೆ. ಸ್ವಲ್ಪ ಮೇಲೆ ಹೊಟ್ಟೆ ತುಂಬಿದ ಆರು ತೋಳಗಳು ಕಪ್ಪು ಬೂದು ಬಂಡೆಗಳಂತೆ ಮಲಗಿವೆ. ಇನ್ನೂರು ಗಜ ದೂರದಲ್ಲಿ ಕಯೋಟಿಯೊಂದು ಕೂತಿದೆ, ಏಳುತ್ತದೆ, ಹತ್ತು ಹೆಜ್ಜೆ ಬರುತ್ತದೆ, ಒಂದು ತೋಳ ಕಿವಿ ಆಡಿಸಿದರೆ ಹಿಂದಕ್ಕೆ. ಒಂದು ತಾಸು ಇದೇ ನಡೆಯಿತು. ತೋಳ ಕೊಂದ ಮಾಂಸ ಕಯೋಟಿಗೆ ದೊಡ್ಡ ವರ, ಅದೇ ದೊಡ್ಡ ಗಂಡಾಂತರ ಕೂಡ. 1995ರಲ್ಲಿ ಕೆನಡಾದಿಂದ 14, ಮರುವರ್ಷ 17 ತೋಳಗಳನ್ನು ತಂದು ಇಲ್ಲಿ ಬಿಟ್ಟ ಮೇಲೆ ಈ ಭಾಗದಲ್ಲಿ ಕಯೋಟಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಹೆಚ್ಚಿನವು ಸತ್ತದ್ದು ಇಂಥ ಹೆಣಗಳ ಪಕ್ಕದಲ್ಲೇ.

ಆ ಹೆಂಗಸು ಇನ್ನೊಂದು ಮಾತು ನೆನಪಿಸಿದರು. ದಕ್ಷಿಣದ ಗ್ರ್ಯಾಂಡ್ ಟೀಟನ್ ಕಡೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ತೋಳ ಓಡಾಡುವ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಮರಿಗಳು ಉಳಿಯುವ ಪ್ರಮಾಣ ತೋಳವಿಲ್ಲದ ಕಡೆಗಿಂತ ನಾಲ್ಕು ಪಟ್ಟು ಹೆಚ್ಚು. ಅಂಗೈಯಷ್ಟು ಮರಿಗಾಗಿ ತೋಳ ಹುಲ್ಲು ಜಾಲಾಡುವುದಿಲ್ಲ. ಕಯೋಟಿ ಜಾಲಾಡುತ್ತದೆ. ಕಯೋಟಿಯನ್ನು ತೋಳ ಓಡಿಸುತ್ತದೆ. ನಮ್ಮ ಚಿಗರಿ, ತೋಳ, ನರಿಗಳ ನಡುವೆಯೂ ಇಂಥದೊಂದು ಲೆಕ್ಕ ಇದ್ದೀತೇ ಎಂದು ಯೋಚಿಸುತ್ತ ಸಂಜೆ ಗಾರ್ಡಿನರ್‌ಗೆ ಮರಳಿದೆವು.

ಮರಳುವಾಗಲೇ, ಮ್ಯಾಮತ್‌ನಿಂದ ಇಳಿಯುವ ರಸ್ತೆಯಲ್ಲಿ, ನಾನು ಬಂದ ಕೆಲಸ ಕಣ್ಣೆದುರು ನಡೆಯಿತು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಬಿಸಿಲು ಗಾಳಿಗೆ ಹಿಮ ಹಾರಿ ಸೇಜ್ ಗಿಡಗಳು ಬೂದುಬಣ್ಣದಲ್ಲಿ ತಲೆ ಎತ್ತಿದ್ದವು. ಏಳು ಮ್ಯೂಲ್ ಡಿಯರ್ ಮೇಯುತ್ತಿದ್ದವು, ಮೂರು ದೊಡ್ಡ ಹೆಣ್ಣು, ಉಳಿದವು ಹೋದ ವರ್ಷದ ಮರಿಗಳು. ಮೇಲಿನಿಂದ ಎರಡು ಕಯೋಟಿ ಇಳಿದು ಬಂದವು. ಓಡಲಿಲ್ಲ, ಅಡಗಲೂ ಇಲ್ಲ. ಪೇಟೆಗೆ ಹೊರಟವರ ಹಾಗೆ ಒಂದರ ಹಿಂದೆ ಒಂದು ನಡೆದು ಬಂದವು. ಜಿಂಕೆಗಳು ತಲೆ ಎತ್ತಿ ಒಟ್ಟಾಗಿ ನಿಂತವು. ಮರಿಗಳು ನಡುವೆ, ದೊಡ್ಡವು ಹೊರಗೆ. ಗಂಡು ಕಯೋಟಿ ಹತ್ತಿರ ಬಂದು ಸುತ್ತು ಹಾಕಿತು. ಒಂದು ಹೆಣ್ಣು ಜಿಂಕೆ ಕಿವಿ ಹಿಂದಕ್ಕೆ ಮಡಚಿ ಮುಂದೆ ನುಗ್ಗಿ, ಎರಡೂ ಮುಂಗಾಲು ಎತ್ತಿ ನೆಲಕ್ಕೆ ಅಪ್ಪಳಿಸಿತು. ಕಯೋಟಿ ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡಿತು. ಆ ಗೊರಸು ಬಿದ್ದಿದ್ದರೆ ಪಕ್ಕೆಲುಬು ಉಳಿಯುತ್ತಿರಲಿಲ್ಲ.

"ಓಡಬಾರ್ದ್ರಿ ಅವು, ಓಡಿದ್ರ ಕೆಟ್ಟ್ವು" ಎಂದು ಹುಡುಗ ಪಿಸುಗುಟ್ಟಿದ.

ಅವನ ಮಾತು ಸರಿ. ಕೆನಡಾದ ಆಲ್ಬರ್ಟಾದಲ್ಲಿ ಸೂಸನ್ ಲಿಂಗಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ನೋಡಿದವರು. ಬಿಳಿಬಾಲದ ಜಿಂಕೆ ಕಯೋಟಿ ಕಂಡರೆ ವೇಗವನ್ನು ನಂಬಿ ಓಡುತ್ತದೆ. ಮ್ಯೂಲ್ ಡಿಯರ್ ಒಗ್ಗಟ್ಟನ್ನು ನಂಬಿ ನಿಲ್ಲುತ್ತದೆ. ನಿಲ್ಲದೆ ಚದುರಿದರೆ ಮರಿ ಹೋಯಿತು. ತನ್ನದಲ್ಲದ, ತನ್ನ ಜಾತಿಯದೂ ಅಲ್ಲದ ಬಿಳಿಬಾಲದ ಜಿಂಕೆಮರಿಯ ಕೂಗಿಗೂ ಮ್ಯೂಲ್ ಡಿಯರ್ ತಾಯಂದಿರು ಕಯೋಟಿಯ ಮೇಲೆ ಬೀಳುತ್ತವಂತೆ.

ಇವು ನಿಂತವು. ಹತ್ತು ನಿಮಿಷದ ಮೇಲೆ ಕಯೋಟಿಗಳು ಬಂದಷ್ಟೇ ಸಾವಧಾನವಾಗಿ ಹೊರಟುಹೋದವು. ಕತ್ತಲಾಯಿತು.

ಮೂರನೆಯ ದಿನ ಹೊತ್ತು ಮೂಡುವಷ್ಟರಲ್ಲಿ ಮತ್ತೆ ಅಲ್ಲಿಗೇ ಹೋದೆವು. ಇಳಿಜಾರು ಬರಿದಾಗಿತ್ತು. ಕೆಳಗಿನ ಕೊರಕಲಿನಲ್ಲಿ ಮ್ಯಾಗ್‌ಪೈಗಳು ಏಳುತ್ತ ಕೂರುತ್ತ ಇದ್ದವು. ದುರ್ಬೀನು ಅತ್ತ ತಿರುಗಿಸಿದೆ. ಆ ನೆರಳಿನ ಕೊರಕಲಿನಲ್ಲಿ ಗಾಳಿ ತಂದು ಸುರಿದ ಹಿಮ ಆಳವಾಗಿ ನಿಂತಿತ್ತು. ಅದರ ನಡುವೆ ಒಂದು ಜಿಂಕೆಮರಿ ಅಡ್ಡ ಬಿದ್ದಿದೆ. ಗಂಡು ಕಯೋಟಿ ಅದರ ಹೊಟ್ಟೆಯೊಳಗೆ ತಲೆ ಹಾಕಿದೆ, ಹೆಣ್ಣು ಪಕ್ಕದಲ್ಲಿ ಕೂತು ಮೂತಿ ಉಜ್ಜಿಕೊಳ್ಳುತ್ತಿದೆ.

ಕೊಂದದ್ದನ್ನು ನಾವು ನೋಡಲಿಲ್ಲ. ಆದರೆ ಹಿಮ ಎಲ್ಲವನ್ನೂ ಬರೆದಿಟ್ಟಿತ್ತು. ಮೇಲಿನಿಂದ ಕೊರಕಲಿಗೆ ಜಿಂಕೆಗಳ ಹೆಜ್ಜೆಯ ಆಳವಾದ ತೂತುಗಳ ಸಾಲು. ಒಂದು ಸಾಲು ಗುಂಪಿನಿಂದ ಕವಲೊಡೆದಿತ್ತು. ಅಲ್ಲಿಂದ ಮುಂದೆ ತೂತುಗಳ ನಡುವೆ ಹೊಟ್ಟೆ ಎಳೆದ ಗುರುತು, ಆಮೇಲೆ ಕೆಂಪು. ಕಯೋಟಿಯ ದಾರಿ ದುರ್ಬೀನಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಯಾಕೆಂದು ರಸ್ತೆಯ ಪಕ್ಕದಲ್ಲೇ ತಿಳಿಯಿತು. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ ರಾತ್ರಿ ಹಪ್ಪಳದಂತೆ ಗಟ್ಟಿಯಾಗಿತ್ತು. ಅದರ ಮೇಲೆ ಕಯೋಟಿ ನಡೆದ ಹೆಜ್ಜೆ ಒಂದೇ ಗೆರೆಯಲ್ಲಿ ಸಾಗಿತ್ತು. ನಾಲ್ಕು ಬೆರಳು, ಎರಡು ಉಗುರಿನ ಚುಕ್ಕೆ. ಪದರ ಸೀಳಿರಲಿಲ್ಲ, ಹಿಟ್ಟಿನ ಮೇಲೆ ಬೆರಳು ಒತ್ತಿದಷ್ಟೇ ಗುರುತು. ಅದರ ಪಕ್ಕದಲ್ಲಿ ನಾನು ಕಾಲಿಟ್ಟೆ. ಚಕ್ಕನೆ ಒಡೆದು ಮೊಣಕಾಲವರೆಗೆ ಇಳಿದೆ. ಎಳೆಯಲು ಹೋದರೆ ಒಡೆದ ಪದರದ ಅಂಚು ಪ್ಯಾಂಟಿನ ಮೇಲೂ ಚರ್ಮಕ್ಕೆ ಕೊರೆಯಿತು. ಮೂವತ್ತು ಕಿಲೋ ತೂಕವನ್ನು ನಾಲ್ಕು ಚೂಪು ಗೊರಸಿನ ಮೇಲೆ ಹೊತ್ತ ಜಿಂಕೆಮರಿಗೆ ಆ ಕೊರಕಲು ಏನಾಗಿತ್ತೆಂದು ನನ್ನ ಕಾಲಿಗೆ ಗೊತ್ತಾಯಿತು. ಹದಿಮೂರು ಕಿಲೋದ ಕಯೋಟಿಗೆ ಅದು ಕಟ್ಟಿದ ರಸ್ತೆ.

ಈ ಕಣಿವೆಯಲ್ಲಿ ಕಯೋಟಿಗಳ ಚಳಿಗಾಲದ ಬೇಟೆಯನ್ನು ನೋಡಿ ಬರೆದವರೂ ಇದನ್ನೇ ಹೇಳಿದ್ದಾರೆ. ಗುಂಪು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಹಿಮ ಎಷ್ಟು ಆಳ, ಜಿಂಕೆ ಎಷ್ಟು ಸೊರಗಿದೆ ಎಂಬುದೇ ಮುಖ್ಯ. ಗುಂಪಿದ್ದರೂ ಮೇಲೆ ಬೀಳುವುದು ಹೆಚ್ಚಾಗಿ ಹಿರಿಯ ಜೋಡಿ, ಅದರಲ್ಲೂ ಗಂಡು. ನಿನ್ನೆ ಸಂಜೆಯ ಆ ಹತ್ತು ನಿಮಿಷ ಸೋಲು ಎಂದು ನಾನು ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಅವು ಒಂದೊಂದು ಮರಿಯ ಕಾಲನ್ನೂ ಆಗ ನೋಡಿಕೊಂಡು ಹೋಗಿರಬೇಕು.

ಆ ಮರಿ ಯಾವುದೆಂದು ನನಗೆ ಗೊತ್ತಿಲ್ಲ. ನಿನ್ನೆ ನಡುವೆ ನಿಂತಿದ್ದ ನಾಲ್ಕರಲ್ಲಿ ಒಂದು. ಮನಸ್ಸು ಭಾರವಾಯಿತು, ಮುಚ್ಚಿಡುವುದಿಲ್ಲ. ಅಜ್ಜನ ಹೊಲದಲ್ಲಿ ಚಿಗರಿ ಮರಿಯನ್ನು ತೋಳ ಎತ್ತಿಕೊಂಡು ಹೋದಾಗ ಅತ್ತವನು ನಾನು. ಅಜ್ಜ ಆಗ ಕಣ್ಣೊರೆಸಿ, ತೋಳದ ಗವಿಯಲ್ಲೂ ಕೂಸು ಇರ್ತಾವಪ್ಪಾ ಎಂದಿದ್ದ. ಏಪ್ರಿಲ್ ತಿಂಗಳಿನಲ್ಲಿ ಈ ಹೆಣ್ಣಿನ ಗವಿಯಲ್ಲೂ ಇರುತ್ತವೆ.

ಒಂಬತ್ತರ ಹೊತ್ತಿಗೆ ಬಂಗಾರದ ಹದ್ದೊಂದು ಇಳಿಯಿತು. ಗಂಡು ಕಯೋಟಿ ಒಂದು ಕಾಲನ್ನು ಕಿತ್ತುಕೊಂಡು ಗುಡ್ಡದ ಮೇಲೆ ಹೋಗಿ, ಹಿಮ ಕೆದರಿ ಹೂತು, ಮೂತಿಯಿಂದ ಮುಚ್ಚಿತು. ಹೆಣ್ಣು ಬೇರೆ ದಿಕ್ಕಿಗೆ, ನಮ್ಮ ರಸ್ತೆಯ ಕಡೆಗೆ ಬಂತು. ಹೊಟ್ಟೆ ಗುಂಡಗೆ ತೂಗಾಡುತ್ತಿತ್ತು, ಗಂಟಲಿನ ಬಿಳಿ ಕೂದಲಿಗೆ ರಕ್ತ ಅಂಟಿತ್ತು. ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಅದು ಸೇಜ್ ಗಿಡಗಳ ನಡುವಿನ ಸಣ್ಣ ಹುಲ್ಲುಮಾಳಕ್ಕೆ ಬಂದು ಸಟ್ಟನೆ ನಿಂತಿತು. ಬಲಗಾಲು ಮೇಲೆದ್ದಿತು. ಎರಡೂ ಕಿವಿ ಮುಂದಕ್ಕೆ ಬಂದವು.

ಹುಡುಗ ಕೀಲಿಗೆ ಕೈ ಹಾಕಿದವನು ಹಿಂದಕ್ಕೆ ತೆಗೆದ. ಎಂಜಿನ್ ಚಾಲೂ ಮಾಡಲಿಲ್ಲ.